ನಾಲ್ಕನೇ ಹಾಸಿಗೆಯ ಕಂಪ್ಯೂಟರ್ ಮೇಷ್ಟ್ರು

ಸೋಮವಾರ, ಬೆಳಿಗ್ಗೆ ಏಳೂ ನಲವತ್ತು. ಅರಕಲಗೂಡಿನಲ್ಲಿ ಒಂದು ಧರ್ಮಾರ್ಥ ಟ್ರಸ್ಟ್ ನಡೆಸುವ ನಮ್ಮ ಡಯಾಲಿಸಿಸ್ ಘಟಕ. ಹಾಜರಿದ್ದವರು: ಇನ್‌ಚಾರ್ಜ್ ಸಿಸ್ಟರ್ ಆಗಿದ್ದ ನಾನು, ಟೆಕ್ನಿಷಿಯನ್, ಮೊದಲ ಪಾಳಿಯ ನಾಲ್ವರು ರೋಗಿಗಳು. ನಾಲ್ಕನೇ ಹಾಸಿಗೆಯವರು ಅಂದೇ ಹೊಸದಾಗಿ ಬಂದವರು. ಅಂಗಿಯ ಎಡತೋಳನ್ನು ತಾವೇ ಮಡಚಿ ಕೈ ಚಾಚಿದರು. ಮಣಿಕಟ್ಟಿನಿಂದ ಮೊಣಕೈವರೆಗೆ, ಡಯಾಲಿಸಿಸ್‌ಗೆಂದು ಶಸ್ತ್ರಕ್ರಿಯೆಯಲ್ಲಿ ಜೋಡಿಸಿದ ರಕ್ತನಾಳ ಹುರಿಗೊಂಡ ಹಗ್ಗದಂತೆ ಉಬ್ಬಿ ಎರಡು ಕಡೆ ಗಂಟುಗಟ್ಟಿತ್ತು. ಸೂಜಿ ಹಾಕುವ ಮೊದಲು ಅಲ್ಲಿ ಬೆರಳಿಟ್ಟು ನೋಡುವುದು ನಮ್ಮ ಕ್ರಮ. ಬೆರಳಿಟ್ಟೆ. ಡಬ್ಬಿಯೊಳಗೆ ಜೇನುನೊಣ ಹಾಕಿ ಮುಚ್ಚಿದಂತೆ ಒಳಗೆ ರಕ್ತ ಮೊರೆಯುತ್ತಿತ್ತು.

“ಫ್ಯಾನ್ ಓಡ್ತಾ ಇದೆಯಾ ಸಿಸ್ಟ್ರೇ?” ಎಂದರು.

“ಓಡ್ತಾ ಇದೆ.”

“ಹಾಗಾದ್ರೆ ಮದರ್‌ಬೋರ್ಡ್ ಇನ್ನೂ ಸುಟ್ಟಿಲ್ಲ. ಹಾಕಿ ಸೂಜಿ.”

ನಲವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತಳಾಗಿ ಇಲ್ಲಿ ಸೇರಿದ ನನಗೆ ರೋಗಿಗಳು ತಮಾಷೆ ಮಾಡುವುದು ಹೊಸದಲ್ಲ. ಹೆದರಿದವರೇ ಹೆಚ್ಚು ತಮಾಷೆ ಮಾಡುತ್ತಾರೆ. ಇವರು ಹೆದರಿದ್ದರೆಂದು ಕೈ ಹಿಡಿದಾಗಲೇ ತಿಳಿಯಿತು, ಬೆರಳುಗಳು ತಣ್ಣಗಿದ್ದವು. ಆದರೆ ಸೂಜಿ ಕೂತು ಮಿಷನ್ನು ತಿರುಗಲು ಶುರುವಾದ ಐದೇ ನಿಮಿಷಕ್ಕೆ ಚೀಲದಿಂದ ಒಂದು ಹಳೆಯ ಲ್ಯಾಪ್‌ಟಾಪ್ ತೆಗೆಸಿ ಹೊಟ್ಟೆಯ ಮೇಲಿಟ್ಟುಕೊಂಡು ಬಲಗೈಯೊಂದರಲ್ಲೇ ಟೈಪ್ ಮಾಡತೊಡಗಿದರು. ಎಡಗೈ ನಾಲ್ಕು ಗಂಟೆ ಅಲುಗಾಡುವಂತಿಲ್ಲ. ಅವರ ಬಲಗೈ ಆ ನಾಲ್ಕು ಗಂಟೆಯೂ ಸುಮ್ಮನಿರುತ್ತಿರಲಿಲ್ಲ.

ಮಲ್ಲಿಪಟ್ಟಣದವರು. ಮದುವೆಯಾಗಿರಲಿಲ್ಲ, ಅಕ್ಕನ ಮನೆಯಲ್ಲಿದ್ದರು. ಹಾಸನದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಬಹಳ ವರ್ಷ ಪಾಠ ಹೇಳಿದ್ದರು. ಕಿಡ್ನಿ ಕೈಕೊಟ್ಟ ಮೇಲೆ ಆ ಕೆಲಸ ಹೋಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಮೊದಲ ಬಸ್ಸಿಗೆ ಬರುತ್ತಿದ್ದರು. ದಿನಕ್ಕೆ ಕುಡಿಯಬಹುದಾದ ನೀರನ್ನು ಒಂದು ಬಾಟಲಿಗೆ ಹಾಕಿ, ಅದರ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ಪ್ರತಿ ಗೆರೆಯ ಪಕ್ಕ ಗಂಟೆ ಬರೆದಿರುತ್ತಿದ್ದರು. ಕುಡಿಯುವುದು ಬಾಟಲಿಯ ಮುಚ್ಚಳದಲ್ಲಿ. ಕ್ರಮ ತಪ್ಪದ ಮನುಷ್ಯರನ್ನು ಕಂಡರೆ ನನಗೆ ಗೌರವ. ಮೂರನೇ ದಿನದಿಂದಲೇ ಅವರನ್ನು ನಾವೆಲ್ಲ ‘ಮೇಷ್ಟ್ರೇ’ ಎಂದು ಕರೆಯತೊಡಗಿದೆವು.

ಪಕ್ಕದ ಮೂರನೇ ಹಾಸಿಗೆಯಲ್ಲಿ ಹೊಳೆನರಸೀಪುರದ ಸಾಹುಕಾರರು. ಕಬ್ಬಿಣದ ಅಂಗಡಿಯವರು, ಬಾಯಿ ದೊಡ್ಡದು. ಮೇಷ್ಟ್ರ ಲ್ಯಾಪ್‌ಟಾಪಿನ ಪರದೆ ಬೇರೆಯವರದರಂತಿಲ್ಲವೆಂದು ಮೊದಲು ಗಮನಿಸಿದವರೇ ಅವರು.

“ಇದೇನ್ ಮೇಷ್ಟ್ರೇ, ನಮ್ ಅಂಗ್ಡೀಲಿರೋ ಕಂಪ್ಯೂಟ್ರು ಇಂಗಿಲ್ವಲ್ಲ?”

“ಇದು ಲಿನಕ್ಸ್ ಸಾಹುಕಾರ್ರೆ. ಯಾರು ಬೇಕಾದ್ರೂ ಹಾಕ್ಕೋಬಹುದು, ಒಳಗೆ ಹೆಂಗೆ ಬರ್ದಿದ್ದಾರೆ ಅಂತ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು.”

“ಪುಗಸಟ್ಟೆನಾ? ಪುಗಸಟ್ಟೆ ಅಂಚಿದ್ನ ನಂಬ್ಕಂಡು ಕುಂತವ್ರೆ ನೋಡಿ ಸಿಸ್ಟ್ರೇ! ನಾನು ಒಂದ್ ಮೊಳೆ ಪುಗಸಟ್ಟೆ ಕೊಡಾಕಿಲ್ಲ ಕಣ್ರೀ.”

“ನೀವು ಬೀಗ ಮಾರ್ತೀರಲ್ಲ. ಬೀಗ ಕೊಂಡವನಿಗೆ ಕೀ ಕೊಡದೆ, ಬಾಗ್ಲು ತೆಗೀಬೇಕಾದಾಗೆಲ್ಲ ನಮ್ಮ ಅಂಗ್ಡಿಗೆ ಬಾ ಅಂದ್ರೆ?”

“ಎಕ್ಕಡ ತಗಂಡು ಒಡೀತಾರೆ!”

“ಕಂಪ್ಯೂಟರ್ ವಿಷಯದಲ್ಲಿ ಯಾರೂ ಹೊಡೆಯಲ್ಲ. ಕೈಮುಗಿದು ವಾಪಸ್ ಬರ್ತೀವಿ.”

ಅಂದಿನಿಂದ ನಮ್ಮ ಘಟಕದಲ್ಲಿ ಪಾಠ ಶುರುವಾಯಿತು. ಸೂಜಿ ಹಾಕಿ, ಬಿಪಿ ಬರೆದು, ಒಂಬತ್ತು ಗಂಟೆಗೆ ನಾನು ಕುರ್ಚಿ ಎಳೆದುಕೊಂಡು ಕೂತರೆ ಮೇಷ್ಟ್ರು ಮೊದಲು ಹಿಂದಿನ ಪಾಠದ ಪ್ರಶ್ನೆ ಕೇಳುತ್ತಿದ್ದರು. ಉತ್ತರ ಬಾರದಿದ್ದರೆ ಮುಂದೆ ಹೋಗುತ್ತಿರಲಿಲ್ಲ. ಅರವತ್ತಾರು ವಯಸ್ಸಿನ ನನ್ನನ್ನೂ ಬಿಡುತ್ತಿರಲಿಲ್ಲ.

ಆಪರೇಟಿಂಗ್ ಸಿಸ್ಟಂ ಎಂದರೆ ಏನೆಂದು ಅವರು ಹೇಳಿದ್ದು ಹೀಗೆ: “ಇಲ್ಲಿ ಮಿಷನ್ನು ನಾಲ್ಕು, ರೋಗಿಗಳು ಹದಿನೆಂಟು. ಯಾರು ಯಾವಾಗ ಯಾವ ಮಿಷನ್ನು, ಯಾರ ಕೇಸ್‌ಶೀಟ್ ಯಾರು ನೋಡಬಹುದು, ಎರಡು ಜನಕ್ಕೆ ಒಟ್ಟಿಗೆ ಬಿಪಿ ಬಿದ್ರೆ ಮೊದಲು ಯಾರ ಹತ್ರ ಓಡಬೇಕು, ಇದನ್ನೆಲ್ಲ ನೋಡ್ಕೊಳ್ಳೋದು ನೀವು. ಸಾಹುಕಾರ್ರು ಎದ್ದು ಹೋಗಿ ನೀರಿನ ಪ್ಲಾಂಟಿನ ಕೊಳಾಯಿ ತಿರುಗಿಸೋ ಹಾಗಿಲ್ಲ, ನಿಮ್ಮನ್ನೇ ಕೇಳ್ಬೇಕು. ಕಂಪ್ಯೂಟರ್ ಒಳಗೂ ಒಬ್ರು ಇನ್‌ಚಾರ್ಜ್ ಸಿಸ್ಟರ್ ಇರ್ತಾರೆ. ಅವರ ಹೆಸರು ಕರ್ನಲ್ಲು.”

“ಆ ಸಿಸ್ಟ್ರೂ ಇಂಗೇ ಬೈತಾರಾ?” ಎಂದರು ಸಾಹುಕಾರರು.

“ಬೈತಾರೆ. ಪರ್ಮಿಷನ್ ಡಿನೈಡ್ ಅಂತಾರೆ.”

ಇತಿಹಾಸವನ್ನು ಮೇಷ್ಟ್ರು ಕಂತುಕಂತಾಗಿ ಹೇಳುತ್ತಿದ್ದರು. ಅಮೆರಿಕದ ಒಂದು ಟೆಲಿಫೋನ್ ಕಂಪನಿಯ ಪ್ರಯೋಗಾಲಯದಲ್ಲಿ ಕೆಲವರು ಸೇರಿ ಯೂನಿಕ್ಸ್ ಎಂಬ ವ್ಯವಸ್ಥೆ ಬರೆದದ್ದು. ಅದರ ಬರಹ, ಅಂದರೆ ಸೋರ್ಸ್ ಕೋಡ್, ಟೇಪುಗಳಲ್ಲಿ ವಿಶ್ವವಿದ್ಯಾಲಯಗಳಿಗೆ ಹೋಗಿ ವಿದ್ಯಾರ್ಥಿಗಳು ಅದನ್ನೇ ಓದಿ ಕಲಿತದ್ದು. ಆಮೇಲೆ ವ್ಯಾಪಾರ ಕುದುರಿ ಆ ಬರಹ ಬೀಗದೊಳಗೆ ಸೇರಿಕೊಂಡದ್ದು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುವುದನ್ನು ಸರಿಮಾಡಲು ಅದರ ಬರಹ ಕೇಳಿ, ಕೊಡಲಾಗದೆಂಬ ಉತ್ತರ ಪಡೆದ ಒಬ್ಬಾತ ಸಿಟ್ಟಾಗಿ, ಎಲ್ಲರಿಗೂ ಸೇರಿದ ಒಂದು ವ್ಯವಸ್ಥೆಯನ್ನೇ ಬರೆಯುತ್ತೇನೆಂದು ಹೊರಟದ್ದು. ಉಪಕರಣಗಳೆಲ್ಲ ತಯಾರಾದರೂ ಕರ್ನಲ್ ಮಾತ್ರ ಆಗದೆ ಕೂತಿದ್ದಾಗ, ತೊಂಬತ್ತೊಂದರಲ್ಲಿ ಫಿನ್ಲೆಂಡಿನ ಒಬ್ಬ ವಿದ್ಯಾರ್ಥಿ ಹವ್ಯಾಸಕ್ಕೆಂದು ಒಂದು ಕರ್ನಲ್ ಬರೆದು ಎಲ್ಲರ ಮುಂದಿಟ್ಟದ್ದು. ಊರೂರಿನವರು ತಪ್ಪು ಹುಡುಕಿ, ತಿದ್ದಿ, ತಮ್ಮ ತಮ್ಮ ತುಂಡು ಸೇರಿಸಿ ಕಳಿಸಿದ್ದು. “ಒಬ್ಬನೇ ಬರೆದಿದ್ರೆ ಅವನ ಜೊತೆಗೇ ಹೋಗ್ತಿತ್ತು,” ಎನ್ನುತ್ತಿದ್ದರು.

ಮುಚ್ಚಿಟ್ಟ ಬರಹವನ್ನು ಏಕೆ ನಂಬಬಾರದೆಂದು ನಾನು ಕೇಳಿದಾಗ ಮಿಷನ್ನಿನ ಕೆಳಗಿದ್ದ ದ್ರಾವಣದ ಕ್ಯಾನನ್ನು ಗಲ್ಲದಿಂದ ತೋರಿಸಿದರು. “ಅದರ ಮೇಲೆ ಸೋಡಿಯಂ ಎಷ್ಟು, ಪೊಟ್ಯಾಸಿಯಂ ಎಷ್ಟು ಅಂತ ಬರೆದಿರದಿದ್ರೆ ನನ್ನ ಮಿಷನ್ನಿಗೆ ಜೋಡಿಸ್ತಿದ್ರಾ?”

“ಬಾಗಿಲ ಒಳಗೇ ಬಿಡ್ತಿರಲಿಲ್ಲ.”

“ಅಷ್ಟೇ ಸಿಸ್ಟ್ರೇ ಪಾಠ. ಪಾಸಾದ್ರಿ.”

ನಮ್ಮ ಘಟಕದಲ್ಲಿದ್ದದ್ದು ಒಂದೇ ಕಂಪ್ಯೂಟರ್. ಚನ್ನರಾಯಪಟ್ಟಣದ ಒಬ್ಬ ಅಂಗಡಿಯವನು ಬಂದು ಕೂರಿಸಿಹೋಗಿದ್ದ. ಅದರಲ್ಲಿದ್ದ ವಿಂಡೋಸ್ ಕದ್ದ ಪ್ರತಿ ಎಂದು ಮೇಷ್ಟ್ರು ಮೊದಲ ವಾರವೇ ಹೇಳಿದ್ದರು. “ನಾನೂ ಹಾಸನದಲ್ಲಿ ಇಂಥದ್ರ ಮೇಲೇ ಹತ್ತು ವರ್ಷ ಪಾಠ ಹೇಳಿ ಪಾಪ ಕಟ್ಕೊಂಡವನು. ಲಿನಕ್ಸ್ ಹಾಕ್ಕೊಡ್ತೀನಿ. ಅದು ಬೇಡ ಅಂದ್ರೆ ಕೊನೇಪಕ್ಷ ದಾಖಲೆಗಳದ್ದು ಇನ್ನೊಂದು ಕಾಪಿ ತೆಗೆದಿಡ್ತೀನಿ, ಬಿಡಿ.” ರೋಗಿಗಳ ದಾಖಲೆಯನ್ನು ಹೊರಗಿನವರ ಕೈಗೆ ಕೊಡಲು ಟ್ರಸ್ಟಿನ ಲಿಖಿತ ಒಪ್ಪಿಗೆ ಬೇಕೆಂದೆ. ಪತ್ರ ಬರೆದೆ. ಉತ್ತರ ಬರಲಿಲ್ಲ. ಉತ್ತರ ಬಾರದಿದ್ದರೆ ಇಲ್ಲವೆಂದೇ ಅರ್ಥ, ಹಾಗೆಂದು ಕಲಿತವಳು ನಾನು. ಕಾಗದದ ಚಾರ್ಟುಗಳನ್ನಾದರೂ ಇಟ್ಟುಕೊಂಡಿದ್ದೆನೇ ಎಂದರೆ, ಕಂಪ್ಯೂಟರಿಗೆ ಏರಿಸಿದ ಮೇಲೆ ಹಾಳೆ ಇಡಬೇಡಿ, ಜಾಗವಿಲ್ಲ ಎಂದು ಟ್ರಸ್ಟಿನ ಸುತ್ತೋಲೆ ಬಂದಿತ್ತು. ಪ್ರತಿ ತಿಂಗಳ ಕೊನೆಯ ದಿನ ನಾನೇ ಎಣಿಸಿ, ಕಟ್ಟಿ, ಸುಡಲು ಕಳಿಸುತ್ತಿದ್ದೆ. ಒಂದು ತಿಂಗಳೂ ತಪ್ಪಿಸಲಿಲ್ಲ.

ಮೇಷ್ಟ್ರು ಬಂದು ಒಂದು ವರ್ಷ ದಾಟಿದ ಮೇಲೆ ಒಂದು ಸೋಮವಾರ ಕಂಪ್ಯೂಟರ್ ಏಳಲಿಲ್ಲ. ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇದ್ದವು. ಗುರುವಾರ ಟ್ರಸ್ಟಿನ ಪರಿಶೀಲನೆ. ಅರಕಲಗೂಡಿನ ಘಟಕ ಉಳಿಸಬೇಕೋ, ಮುಚ್ಚಿ ಎಲ್ಲರನ್ನೂ ಹಾಸನದ ದೊಡ್ಡ ಘಟಕಕ್ಕೆ ಸೇರಿಸಬೇಕೋ ಎಂದು ತೀರ್ಮಾನಿಸುವ ದಿನ. ಪ್ರತಿ ರೋಗಿಯ ಒಂದು ವರ್ಷದ ದಾಖಲೆ ತೋರಿಸಬೇಕಿತ್ತು. ಹಾಸನದಲ್ಲಿ ಖಾಲಿ ಇದ್ದದ್ದು ರಾತ್ರಿ ಪಾಳಿ, ಅದೂ ವಾರಕ್ಕೆ ಎರಡೇ ಸಲ. ಮೂರು ಸಲ ರಕ್ತ ತೊಳೆಯಬೇಕಾದವರಿಗೆ ಎರಡು ಸಲ ಎಂದರೆ ಏನೆಂದು ಹಾಸಿಗೆಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ನೀರು ಮೈಯಲ್ಲೇ ನಿಲ್ಲುತ್ತದೆ. ಮೊದಲು ಕಾಲಿಗೆ, ಆಮೇಲೆ ಹೊಟ್ಟೆಗೆ, ಕೊನೆಗೆ ಶ್ವಾಸಕೋಶಕ್ಕೆ.

ಅಂಗಡಿಯವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. “ಫಾರ್ಮ್ಯಾಟ್ ಮಾಡ್ಬೇಕು ಮೇಡಂ, ಒಳಗಿರೋದೆಲ್ಲ ಓಗುತ್ತೆ,” ಎಂದ.

“ಆ ಪದ ಈ ರೂಮಲ್ಲಿ ಇನ್ನೊಂದ್ಸಲ ಕೇಳಿಸಬಾರದು!” ಎಂದು ನಾಲ್ಕನೇ ಹಾಸಿಗೆಯಿಂದ ಕೂಗು ಬಂತು. ಮೇಷ್ಟ್ರು ಎದ್ದು ಕೂರಲು ಹೋಗಿ ಮಿಷನ್ನಿನ ಅಲಾರಂ ಹೊಡೆಸಿದರು. “ಸಿಸ್ಟ್ರೇ, ಎಚ್ಚರ ತಪ್ಪಿರೋದು ಕರ್ನಲ್ಲು. ಕೇಸ್‌ಶೀಟುಗಳು ಬೀರುವಿನಲ್ಲೇ ಇವೆ. ಈಗ ಹೊರಗಿಂದ ಇನ್ನೊಬ್ಬ ಸಿಸ್ಟರನ್ನ ಕರೆಸಿ ಬೀರು ತೆಗೆಸೋಣ. ತನ್ನಿ ಅದನ್ನ ಇಲ್ಲಿ.”

ಈ ಸಲ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಟೆಕ್ನಿಷಿಯನ್ ಮತ್ತು ನಾನು ಕಂಪ್ಯೂಟರನ್ನು ಟ್ರಾಲಿಯ ಮೇಲಿಟ್ಟು ಅವರ ಹಾಸಿಗೆಯ ಪಕ್ಕಕ್ಕೆ ತಳ್ಳಿದೆವು. ಅವರು ಕೊರಳಿನ ದಾರದಲ್ಲಿದ್ದ ಪೆನ್‌ಡ್ರೈವ್ ಬಿಚ್ಚಿಕೊಟ್ಟರು. ಅದರೊಳಗೇ ಇಡೀ ಲಿನಕ್ಸ್ ಇತ್ತು. ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಕಂಪ್ಯೂಟರ್ ಎದ್ದು ಕೂತಿತು. ಹದಿನೆಂಟು ಹೆಸರುಗಳ ಹದಿನೆಂಟು ಫೋಲ್ಡರ್ ಒಂದರ ಕೆಳಗೊಂದು ಕಂಡವು. ಸಾಹುಕಾರರು ಮಿಷನ್ನಿಗೆ ಕಟ್ಟಿಕೊಂಡಿದ್ದ ಕೈಯನ್ನೂ ಎತ್ತಿ ಚಪ್ಪಾಳೆ ತಟ್ಟಲು ಹೋಗಿ ನನ್ನಿಂದ ಬೈಸಿಕೊಂಡರು.

ಆದರೆ ಮೇಷ್ಟ್ರ ಮುಖ ಅರಳಲಿಲ್ಲ. ಡಿಸ್ಕ್ ಕೂಡ ಸಾಯುತ್ತಿದೆ, ಅಲ್ಲಲ್ಲಿ ಓದಲಾಗುತ್ತಿಲ್ಲ, ಒಂದೊಂದೇ ಫೋಲ್ಡರ್ ನಿಧಾನವಾಗಿ ಪೆನ್‌ಡ್ರೈವಿಗೆ ಎಳೆದುಕೊಳ್ಳಬೇಕು, ಒಮ್ಮೆ ನಿಂತರೆ ಮತ್ತೆ ತಿರುಗುವ ನಂಬಿಕೆಯಿಲ್ಲ ಎಂದರು. ಡಯಾಲಿಸಿಸ್ ಮುಗಿದ ಮೇಲೂ ಮನೆಗೆ ಹೋಗದೆ ಕುರ್ಚಿಯಲ್ಲಿ ಕೂತರು. ನಾಲ್ಕು ಗಂಟೆಯ ಹೊತ್ತಿಗೆ ಬಿಪಿ ಬಿದ್ದು ಕಣ್ಣು ಕತ್ತಲೆಗಟ್ಟಿತು. ಮಲ್ಲಿಪಟ್ಟಣದ ಬಸ್ಸಿಗೆ ಹೊರಡಲೇಬೇಕೆಂದು ನಾನೇ ಗದರಿಸಿ ಎಬ್ಬಿಸಿದೆ. ಬಾಗಿಲಲ್ಲಿ ನಿಂತು ನನಗೇ ಹೇಳಿದರು: “ಕಾಪಿ ಏಳು ಗಂಟೆವರೆಗೆ ಓಡುತ್ತೆ. ಯಾರೂ ಮುಟ್ಟಬಾರದು ಸಿಸ್ಟ್ರೇ.”

“ಯಾರೂ ಮುಟ್ಟಲ್ಲ,” ಎಂದೆ.

ಐದೂವರೆಗೆ ಘಟಕ ಮುಚ್ಚುವ ಕ್ರಮ ಹೀಗೆ. ನೀರಿನ ಪ್ಲಾಂಟಿನ ವಾಲ್ವು, ಮಿಷನ್ನುಗಳು, ಔಷಧದ ಬೀರು, ಕಿಟಕಿ, ಫ್ಯಾನು, ದೀಪ, ಕೊನೆಗೆ ಮೇನ್ ಸ್ವಿಚ್. ಎಲ್ಲಿ ಕೆಲಸ ಮಾಡಿದರೂ ಹೀಗೇ ಮುಚ್ಚಿದವಳು. ಅಂದು ತಲೆಯ ತುಂಬ ಗುರುವಾರದ ಚಿಂತೆ. ಕಾಲು ತಾನಾಗಿ ನಡೆಯಿತು, ಕೈ ತಾನಾಗಿ ಮೇಲೆ ಹೋಯಿತು. ಮೇನ್ ಸ್ವಿಚ್ಚಿನ ಹಿಡಿ ಕೆಳಗಿಳಿಯಿತು. ಟ್ರಾಲಿಯ ಮೇಲಿನ ಗುಂಯ್‌ಗುಟ್ಟುವಿಕೆ ನಿಂತ ಮೇಲೆ ನನಗೆ ಅರ್ಥವಾಯಿತು. ತಕ್ಷಣ ಮೇಲೆತ್ತಿದೆ. ಡಿಸ್ಕ್ ಟಕ್, ಟಕ್, ಟಕ್ ಎಂದಿತು. ಆಮೇಲೆ ಅದೂ ಇಲ್ಲ.

ಮಂಗಳವಾರ ಮೇಷ್ಟ್ರಿಗೆ ವಿಶ್ರಾಂತಿಯ ದಿನ. ಫೋನ್ ಮಾಡಿ ವಿಷಯ ಹೇಳಿದೆ. ಮೊದಲ ಬಸ್ಸಿಗೇ ಬಂದರು. ಡಿಸ್ಕಿಗೆ ಕಿವಿಯಿಟ್ಟು ನೋಡಿದರು. ಪೆನ್‌ಡ್ರೈವ್ ಕಿತ್ತು ತಮ್ಮ ಲ್ಯಾಪ್‌ಟಾಪಿಗೆ ಹಾಕಿ, ಬಂದಿದ್ದ ಫೋಲ್ಡರುಗಳನ್ನು ಎಣಿಸಿದರು. ಆಮೇಲೆ, “ನಿಮ್ಮ ಕೈಗೆ ಬುದ್ಧಿ ಹೇಳೋರು ಯಾರೂ ಇಲ್ವಾ ಸಿಸ್ಟ್ರೇ?” ಎಂದರು. ಅವರು ನನ್ನನ್ನು ಬೈದದ್ದು ಅದೊಂದೇ ಸಲ. ನಾನು ತಲೆತಗ್ಗಿಸಿ ನಿಂತೆ. ಡ್ಯೂಟಿಯಲ್ಲಿ ಅತ್ತವಳಲ್ಲ, ಅಂದು ಅತ್ತೆ.

ಹನ್ನೊಂದು ಜನರ ದಾಖಲೆ ಉಳಿದಿತ್ತು. ಏಳು ಜನರದು ಹೋಗಿತ್ತು. ಆ ಏಳರಲ್ಲಿ ಸಾಹುಕಾರರದೂ ಇತ್ತು, ಮೇಷ್ಟ್ರದೂ ಇತ್ತು.

“ಏಳು ಜನಕ್ಕೂ ಫೋನ್ ಮಾಡಿ,” ಎಂದರು ಮೇಷ್ಟ್ರು. “ಮನೇಲಿ ಏನೇನು ಕಾಗದ ಇದೆಯೋ ಎಲ್ಲ ತರಲಿ. ಒಬ್ಬನ ಹತ್ರ ಪೂರ್ತಿ ಇರಲ್ಲ. ತುಂಡು ತುಂಡು ಸೇರಿಸೋಣ.”

ಎಲ್ಲರೂ ಬಂದರು. ಲ್ಯಾಬಿನ ಚೀಟಿ, ಔಷಧದ ರಸೀತಿ, ಕ್ಯಾಲೆಂಡರಿನ ಹಿಂದೆ ಬರೆದಿಟ್ಟ ತೂಕ. ಸಾಹುಕಾರರ ಹೆಂಡತಿ ಸಕ್ಕರೆ ಡಬ್ಬಿಯಲ್ಲಿ ಒಂದು ವರ್ಷದ ರಿಪೋರ್ಟುಗಳನ್ನು ಮಡಚಿ ಇಟ್ಟಿದ್ದರು. ಮೇಷ್ಟ್ರು ತಮ್ಮ ಲ್ಯಾಪ್‌ಟಾಪಿನಲ್ಲಿ ಒಬ್ಬೊಬ್ಬರದೇ ತುಂಬುತ್ತ ಹೋದರು. ಒಬ್ಬರದನ್ನು ಇನ್ನೊಬ್ಬರು ಓದಿ ಸರಿನೋಡಬೇಕೆಂದು ನಿಯಮ ಮಾಡಿದರು. ಮೂಲ ಹೋಗಿದೆ, ಇದು ಮತ್ತೆ ಕಟ್ಟಿದ್ದು ಎಂದು ಪ್ರತಿ ಹಾಳೆಯ ಮೇಲೆ ನಾನು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಿದೆ. ಬುಧವಾರ ಸೂಜಿ ಹಾಕಿಸಿಕೊಂಡೇ ಬಲಗೈಯಲ್ಲಿ ಕೆಲಸ ಮುಂದುವರಿಸಿದರು. ಸಂಜೆ ನಾಲ್ಕಕ್ಕೆ ಆರು ಜನರದು ಮುಗಿಯಿತು.

“ನಿಮ್ಮ ಕಾಗದಗಳು ಮೇಷ್ಟ್ರೇ?” ಎಂದೆ.

ಅವರು ನಗಲು ಪ್ರಯತ್ನಿಸಿದರು. ಅವರ ರಿಪೋರ್ಟುಗಳೆಲ್ಲ ಏನಾದವೆಂದು ಆಗ ನೆನಪಿಗೆ ಬಂತು. ಅವುಗಳ ಖಾಲಿ ಬೆನ್ನಿನ ಮೇಲೆ ಚಿತ್ರ ಬರೆದು ಅವರು ನಮಗೆ ಪಾಠ ಮಾಡಿದ್ದರು. ಕರ್ನಲ್ ಮಧ್ಯದಲ್ಲಿ, ಸುತ್ತ ಉಪಕರಣಗಳು, ಹೊರಗೆ ನಾವು. ಪಾಠ ಮುಗಿದ ಮೇಲೆ ಆ ಹಾಳೆಗಳು ನನ್ನ ಮೇಜಿನ ಮೇಲೆ ಬಿದ್ದಿರುತ್ತಿದ್ದವು. ತಿಂಗಳ ಕೊನೆಗೆ ನಾನು ಮೇಜು ತೆರವು ಮಾಡುವಾಗ ಅವೂ ಚಾರ್ಟುಗಳ ಜೊತೆ ಸುಡಲು ಹೋಗುತ್ತಿದ್ದವು. “ಎಲ್ಲ ನಿಮ್ಮ ಕಂಪ್ಯೂಟರಲ್ಲಿ ಇದೆಯಲ್ಲ ಅಂತ ಧೈರ್ಯ ಸಿಸ್ಟ್ರೇ,” ಎಂದರು. “ಊರಿಗೆಲ್ಲ ಎರಡು ಕಾಪಿ ಇಡಿ ಅಂತ ಹೇಳ್ಕೊಂಡು ಬಂದೆ.” ಮೇಜಿನ ಖಾನೆಯೆಲ್ಲ ಹುಡುಕಿದೆ. ಎರಡು ಹಾಳೆ ಸಿಕ್ಕವು.

ಗುರುವಾರ ಪರಿಶೀಲನೆಗೆ ಬಂದವರು ಮೂವರು. ಕಟುಕರಲ್ಲ. ಕೆಂಪು ಶಾಯಿಯ ಟಿಪ್ಪಣಿ ಓದಿದರು, ಕಾಗದಗಳನ್ನು ತಾಳೆ ನೋಡಿದರು, ಘಟಕ ಮುಂದುವರಿಯಲಿ ಎಂದು ಬರೆದರು. ಹದಿನೇಳು ಹೆಸರಿಗೆ ಗುರುತು ಹಾಕಿದರು. ಹದಿನೆಂಟನೆಯದರ ಎದುರು ಪೆನ್ನು ನಿಂತಿತು. ಎರಡು ಹಾಳೆಯಿಂದ ಒಂದು ವರ್ಷ ಆಗುವುದಿಲ್ಲ. ಇವರು ಹಾಸನದ ಘಟಕಕ್ಕೆ ಹೋಗಿ ಅಲ್ಲಿ ಒಂದು ತಿಂಗಳು ಡಯಾಲಿಸಿಸ್ ಮಾಡಿಸಿಕೊಂಡು, ಅಲ್ಲಿನ ಚೀಟಿಗಳೊಂದಿಗೆ ಹೊಸದಾಗಿ ನೋಂದಣಿ ಮಾಡಿಸಲಿ ಎಂದರು. ನಾನು ವಾದಿಸಿದೆ. ನನ್ನ ತಪ್ಪೆಂದು ಹೇಳಿದೆ. ತಪ್ಪು ಯಾರದೆಂಬ ಕಾಲಂ ಆ ಹಾಳೆಯಲ್ಲಿ ಇರಲಿಲ್ಲ.

ಶುಕ್ರವಾರ ಮೇಷ್ಟ್ರು ಬಂದರು. ಹಾಸಿಗೆಗಲ್ಲ, ನಮ್ಮ ಕಂಪ್ಯೂಟರಿಗೆ. ಹೊಸ ಡಿಸ್ಕಿಗೆ ಲಿನಕ್ಸ್ ಹಾಕಿ, ಮೆನು ಕನ್ನಡದಲ್ಲಿ ಬರುವಂತೆ ಮಾಡಿ, ದಿನವೂ ಎರಡು ಕಡೆ ಪ್ರತಿ ತೆಗೆಯುವುದನ್ನು ನನ್ನ ಕೈಯಿಂದಲೇ ಮೂರು ಸಲ ಮಾಡಿಸಿದರು. ನಾಲ್ಕನೇ ಮಿಷನ್ನು ಪಕ್ಕದಲ್ಲೇ ಖಾಲಿ ನಿಂತಿತ್ತು.

ಸಾಹುಕಾರರಿಗೆ ತಡೆಯಲಾಗಲಿಲ್ಲ. “ಸಿಸ್ಟ್ರೇ, ಮಿಷನ್ನು ಕಾಲಿ ಐತೆ, ಮನುಷ್ಯ ಮುಂದೆ ನಿಂತವ್ರೆ. ಆಕ್ಬುಡಿ ಸೂಜಿಯ. ಯಾವನು ಕೇಳ್ತಾನೆ? ನನ್ ಎಸರಲ್ಲಿ ಬರ್ಕಳಿ.”

“ಹೆಸರಿಲ್ಲದವರಿಗೆ ಹಾಕುವ ಹಾಗಿಲ್ಲ. ಇನ್ನೊಬ್ಬರ ಹೆಸರಲ್ಲಿ ಬರೆಯುವ ಹಾಗೂ ಇಲ್ಲ.”

“ಅಂಗಾರೆ ಸಾಯ್ಲಿ ಅಂತೀರಾ?”

ಮೇಷ್ಟ್ರೇ ಅಡ್ಡ ಬಂದರು. “ಸುಮ್ನಿರಿ ಸಾಹುಕಾರ್ರೆ. ಸಿಸ್ಟ್ರು ಸಿಕ್ಕಿಬಿದ್ರೆ ಘಟಕ ಮುಚ್ತಾರೆ. ಹದಿನೇಳು ಉಳೀತಲ್ಲ. ಒಂದು ತಿಂಗಳು, ಹೋಗಿ ಬರ್ತೀನಿ.” ಚೀಲ ಹೆಗಲಿಗೇರಿಸಿದರು. ನಾನು ಬಾಗಿಲವರೆಗೆ ಹೋದೆ. ಅವರ ಕಾಲು ಆಗಲೇ ಊದಿತ್ತು, ಚಪ್ಪಲಿಯ ಪಟ್ಟಿ ಮಾಂಸದಲ್ಲಿ ಹೂತಿತ್ತು. ಅದನ್ನು ನೋಡಿದೆ. ನೋಡಿಯೂ ಕಳಿಸಿದೆ.

ಹಾಸನದಲ್ಲಿ ಸಿಕ್ಕದ್ದು ಸೋಮವಾರ ಮತ್ತು ಗುರುವಾರದ ರಾತ್ರಿ ಪಾಳಿ. ಬಸ್ಸು ತಪ್ಪಿದರೆ ನಿಲ್ದಾಣದ ಬೆಂಚಿನ ಮೇಲೆ ಬೆಳಗು ಮಾಡುತ್ತಿದ್ದರಂತೆ. ಭಾನುವಾರಗಳಂದು ಫೋನ್ ಮಾಡುತ್ತಿದ್ದೆ. “ಕಾಪಿ ತೆಗೆದ್ರಾ?” ಎಂದೇ ಮಾತು ಶುರುಮಾಡುತ್ತಿದ್ದರು. ನಾಲ್ಕನೇ ಭಾನುವಾರ ಮಾತಿನ ನಡುವೆ ಎರಡು ಸಲ ಉಸಿರಿಗಾಗಿ ನಿಂತರು. ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ನಿದ್ದೆ ಮಾಡುತ್ತೇನೆ ಎಂದರು. ನಾಳೆ ಹಗಲು ಇಲ್ಲಿಗೇ ಬಂದುಬಿಡಿ, ನಿಯಮ ಹಾಳಾಗಲಿ, ಸೂಜಿ ಹಾಕುತ್ತೇನೆ ಎಂದೆ. ಆ ಮಾತು ನನ್ನ ಬಾಯಿಂದ ಬರಲು ಇಪ್ಪತ್ತಮೂರು ದಿನ ಹಿಡಿದಿತ್ತು. ಬರುತ್ತೇನೆ ಎಂದರು. ಸೋಮವಾರ ಬೆಳಿಗ್ಗೆ ನಾಲ್ಕನೇ ಮಿಷನ್ನು ಸಿದ್ಧಮಾಡಿ ಏಳೂ ನಲವತ್ತರಿಂದ ಕಾದೆ. ಒಂಬತ್ತಕ್ಕೆ ಅಕ್ಕ ಫೋನ್ ಮಾಡಿದರು. ಮೇಷ್ಟ್ರು ಮಲ್ಲಿಪಟ್ಟಣದ ಬಸ್ ನಿಲ್ದಾಣದವರೆಗೆ ನಡೆದು ಬಂದಿದ್ದರಂತೆ, ಅಲ್ಲೇ ಉಸಿರು ನಿಂತಿತಂತೆ.

ಇದು ನಡೆದು ಎರಡು ವರ್ಷವಾಯಿತು. ಹದಿನೇಳು ಜನರಲ್ಲಿ ಹದಿನಾಲ್ಕು ಜನ ಇದ್ದಾರೆ. ಮೇಷ್ಟ್ರು ಹಾಕಿಕೊಟ್ಟ ಲಿನಕ್ಸ್ ಒಂದು ದಿನವೂ ನಿಂತಿಲ್ಲ. ನನಗೆ ಈಗ ಆಜ್ಞೆಗಳನ್ನು ಬರೆಯಲು ಬರುತ್ತದೆ. ಹೊಸದಾಗಿ ಬಂದ ಸಿಸ್ಟರುಗಳಿಗೆ ನಾನೇ ಪಾಠ ಹೇಳುತ್ತೇನೆ, ಹಿಂದಿನ ಪಾಠದ ಪ್ರಶ್ನೆಗೆ ಉತ್ತರ ಬಾರದಿದ್ದರೆ ಮುಂದೆ ಹೋಗುವುದಿಲ್ಲ. ನಿಯಮ ಪಾಲಿಸಿದ್ದಕ್ಕೆ ಟ್ರಸ್ಟಿನವರು ನನಗೆ ಒಂದು ಪ್ರಶಂಸಾಪತ್ರ ಕೊಟ್ಟರು. ಅದನ್ನು ಎಲ್ಲಿಟ್ಟೆನೆಂದು ನನಗೆ ನೆನಪಿಲ್ಲ. ವಸ್ತು ಇಟ್ಟ ಜಾಗ ನಾನು ಮರೆತದ್ದು ಅದೊಂದೇ.

ಅಂದು ಮೇಷ್ಟ್ರ ಹನ್ನೊಂದನೇ ದಿನದ ಕಾರ್ಯ ಮುಗಿಸಿದ ಮೇಲೆ ಅವರ ಅಕ್ಕ ಘಟಕಕ್ಕೆ ಬಂದಿದ್ದರು. ಮಂಗಳವಾರ, ಮಧ್ಯಾಹ್ನ ಮೂರು ಗಂಟೆ. ನಾನು, ಟೆಕ್ನಿಷಿಯನ್ ಇದ್ದೆವು. ಅಕ್ಕ ಮೇಷ್ಟ್ರ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲಿಟ್ಟರು.

“ಇವನ್ನ ಸಿಸ್ಟ್ರಿಗೆ ಕೊಡ್ಬೇಕು ಅಂತ ಜೋಡಿಸಿಟ್ಟಿದ್ದ ಕಣಮ್ಮ. ಏನು ಎತ್ತ ನಂಗ್ ಗೊತ್ತಾಗಾಕಿಲ್ಲ. ಬೇಕಾಯ್ತದಾ?”

ಹಾಸನದ ಚೀಟಿಗಳು. ದಿನಾಂಕದ ಪ್ರಕಾರ ಜೋಡಿಸಿ ಮೂಲೆಗೆ ದಾರ ಕಟ್ಟಿದ್ದರು. ಪ್ರತಿಯೊಂದಕ್ಕೂ ಒಂದು ನಕಲು ಇತ್ತು.

“ಬೇಕು ಅಕ್ಕ,” ಎಂದೆ.

ಅವರಿಗೆ ಕಾಫಿ ತರಿಸಿ, ಬಸ್ಸಿಗೆ ಕಳಿಸಿ ಬಂದು ಕಂಪ್ಯೂಟರಿನ ಮುಂದೆ ಕೂತೆ. ಹದಿನೆಂಟನೇ ಸಾಲು ತೆರೆದೆ. ಹೆಸರು, ವಯಸ್ಸು, ರಕ್ತದ ಗುಂಪು. ಬಂದಾಗಿನ ತೂಕ, ಹೋದಾಗಿನ ತೂಕ, ಪ್ರತಿ ಪಾಳಿಯದೂ. ತೂಕ ಚೀಟಿಯಿಂದ ಚೀಟಿಗೆ ಏರುತ್ತ ಹೋಗಿತ್ತು. ಒಂದೊಂದನ್ನೂ ಎರಡು ಸಲ ಓದಿ ತುಂಬಿದೆ. ಟೆಕ್ನಿಷಿಯನ್ ಪಕ್ಕದಲ್ಲಿ ಕೂತು ತಾಳೆ ನೋಡಿದಳು. ಕೊನೆಯ ಕಾಲಮ್ಮಿನಲ್ಲಿ ಬರೆಯಬೇಕಾದದ್ದನ್ನು ಬರೆದೆ. ಎರಡು ಕಡೆ ಪ್ರತಿ ತೆಗೆದೆ. ಎರಡನ್ನೂ ತೆರೆದು ನೋಡಿದೆ, ಎರಡರಲ್ಲೂ ಇತ್ತು. ಸಮಯ ಐದೂ ಹತ್ತು.